ಲೆಕ್ಕಕ್ಕೆ ಸಿಗದ ಆರುನೂರ ಹನ್ನೆರಡು ಫೋಟೋ

ಮನೆಯಿಂದ,
ಭಾನುವಾರ, ಮಾರ್ಚ್ ಒಂಬತ್ತು, ಬೆಳಗಿನ ಹತ್ತು ಗಂಟೆ

ಪ್ರೀತಿಯ ಮರಿ,

ಹೇಗಿದ್ದೀಯಪ್ಪ? ಚಳಿ ಹೋಗಿ ಬಿಸಿಲು ಬರುವ ಈ ದಿನಗಳಲ್ಲಿ ಚಿಕ್ಕಂದಿನಲ್ಲಿ ನಿನಗೆ ಗಂಟಲು ಕಟ್ಟುತ್ತಿತ್ತು. ಈಗಲೂ ಕಟ್ಟುತ್ತದೆಯೇ? ಬಿಸಿನೀರು ಕುಡಿ, ಕೆಲಸದ ನಡುವೆ ಮರೆಯಬೇಡ. ನಿನ್ನ ಹೆಂಡತಿ ಆರೋಗ್ಯವೇ? ಮಗುವಿಗೆ ಐದು ತಿಂಗಳು ತುಂಬಿತು, ಆಗಲೇ ಬೋರಲು ಬೀಳುತ್ತಾಳೆ ಅಂತ ನಿನ್ನ ಸೋದರತ್ತೆ ಹೇಳಿದರು. ನಿನ್ನ ವಿಳಾಸ ಕೊಟ್ಟದ್ದೂ ಅವರೇ. ಕೊಡುವಾಗ ‘ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡ’ ಅಂದಿದ್ದರು. ನೋಡು, ನನ್ನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲಲಿಲ್ಲ. ಅವರನ್ನು ಬೈಯಬೇಡ, ನಾನು ಮೂರು ಸಲ ಫೋನ್ ಮಾಡಿ ಪೀಡಿಸಿದ್ದೆ. ಮರಿ ಅಂತ ಕರೆದದ್ದಕ್ಕೂ ಬೇಸರ ಮಾಡಿಕೊಳ್ಳಬೇಡ. ಅದು ನಿನ್ನ ಅಪ್ಪ ಕರೆಯುತ್ತಿದ್ದ ಹೆಸರು, ನನ್ನದಲ್ಲ, ಗೊತ್ತು. ನಿನ್ನ ಪೂರ್ತಿ ಹೆಸರು ಬರೆದು ನೋಡಿದೆ. ಬ್ಯಾಂಕಿನವರ ನೋಟೀಸಿನ ಹಾಗೆ ಕಾಣಿಸಿತು.

ನಾನು ಚೆನ್ನಾಗಿದ್ದೇನೆ. ಅಂಗಡಿ ಅದೇ, ನಮ್ಮ ಕಟ್ಟಡದ ಕೆಳಗೆ, ಬಸ್ ನಿಲ್ದಾಣದ ಎದುರಿಗೆ. ಹೊಸ ಬಟ್ಟೆ ಹೊಲಿಸುವವರು ಈಗ ಯಾರೂ ಇಲ್ಲ. ಎಲ್ಲರೂ ಕೊಂಡು ತಂದು ನನ್ನ ಹತ್ತಿರ ಉದ್ದ ಕಡಿಮೆ ಮಾಡಿಸುತ್ತಾರೆ, ಸೊಂಟ ಬಿಡಿಸುತ್ತಾರೆ. ಜನ ದಪ್ಪಗಾಗುತ್ತಾರೆ, ಸಣ್ಣಗಾಗುತ್ತಾರೆ, ಎರಡರಿಂದಲೂ ನನಗೆ ಕೆಲಸ. ಹಾಗಾಗಿ ಆರು ದಿನ ಮಾತಿಗೆ ಕೊರತೆ ಇಲ್ಲ, ಎಲ್ಲವೂ ತೋಳಿನ ಮಾತು, ಕಾಲರಿನ ಮಾತು, ಜಿಪ್ಪಿನ ಮಾತು. ಶನಿವಾರ ಸಂಜೆ ಶಟರ್ ಎಳೆದರೆ ಸೋಮವಾರ ಬೆಳಿಗ್ಗೆ ಎತ್ತುವ ತನಕ ನನ್ನ ಧ್ವನಿ ನನಗೇ ಕೇಳಿಸುವುದಿಲ್ಲ. ಸೋಮವಾರದ ಮೊದಲ ಗಿರಾಕಿಗೆ ‘ಬನ್ನಿ’ ಅನ್ನುವಾಗ ಗಂಟಲು ಕಿರ್ರೆನ್ನುತ್ತದೆ, ತುಕ್ಕು ಹಿಡಿದ ಕತ್ತರಿಯ ಥರ. ಇರಲಿ, ನನ್ನ ಪುರಾಣ ಸಾಕು.

ಈ ಪೊಟ್ಟಣದಲ್ಲಿ ಸೋಪಿನ ಬಿಲ್ಲೆಯಷ್ಟು ದೊಡ್ಡ ಕಪ್ಪು ಡಿಸ್ಕ್ ಒಂದಿದೆ. ದಾರಿಯಲ್ಲಿ ಪೆಟ್ಟಾಗದಿರಲಿ ಅಂತ ಹಳೆಯ ಕೋಟಿನ ಒಳಪದರದಿಂದ ಅದಕ್ಕೊಂದು ಚೀಲ ಹೊಲಿದಿದ್ದೇನೆ. ಅದರಲ್ಲಿರುವುದು ನಿನ್ನ ಅಪ್ಪನ ಕಂಪ್ಯೂಟರಿನ ಫೋಟೋಗಳು, ಅಷ್ಟೂ. ಅದು ಹೇಗೆ ಸಿದ್ಧವಾಯಿತು ಅಂತ ಬರೆಯಬೇಕು. ‘ಅಪ್ಪ ಇರುವವರೆಗೆ ನಾನು ಆ ಕಂಪ್ಯೂಟರ್ ಮುಟ್ಟಿದವಳೇ ಅಲ್ಲ’ ಅಂತ ಶುರು ಮಾಡಿದ್ದೆ. ಮೇಲೆ ಹೊಡೆದು ಹಾಕಿದ ಸಾಲು ಅದೇ. ಯಾಕೆ ಹೊಡೆದೆ ಅಂದರೆ ಅದು ಸುಳ್ಳು. ಒಂದು ಸಲ ಮುಟ್ಟಿದ್ದೆ. ಆ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಸಮಯ ಕೊಡು.

ಅವರು ಹೋದ ಮೇಲೆ ಹೆಚ್ಚುಕಡಿಮೆ ಎರಡು ವರ್ಷ ಆ ಕಂಪ್ಯೂಟರ್ ಮೇಲೆ ದಿಂಬಿನ ಕವರ್ ಹಾಕಿ ಮುಚ್ಚಿಟ್ಟಿದ್ದೆ. ಹೋದ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಮನೆ ಅಷ್ಟೊಂದು ಸುಮ್ಮನಿತ್ತು, ಏನಾದರೂ ಒಂದು ಶಬ್ದ ಮಾಡಲಿ ಅಂತಲೇ ಆನ್ ಮಾಡಿದೆ. ಫೋಟೋಗಳ ಪ್ರೋಗ್ರಾಂ ತಾನಾಗಿ ತೆರೆದುಕೊಂಡು ‘ಹಲವು ವರ್ಷಗಳ ಹಿಂದೆ ಇದೇ ದಿನ, ನಿಮ್ಮ ಸವಿ ನೆನಪು’ ಅಂತ ಸಂಗೀತ ಹಾಕಿ ಒಂದಾದ ಮೇಲೊಂದು ಚಿತ್ರ ತೋರಿಸಿತು. ಏನು ಗೊತ್ತಾ? ಬಚ್ಚಲಿನ ಚಾವಣಿ ಸೋರಿದ್ದನ್ನು ಮೇಲಿನ ಮನೆಯವರಿಗೆ ತೋರಿಸಲು ನಿನ್ನ ಅಪ್ಪ ತೆಗೆದಿದ್ದ ಆರು ಫೋಟೋ. ಒದ್ದೆ ಕಲೆ ಹತ್ತಿರದಿಂದ, ಒದ್ದೆ ಕಲೆ ದೂರದಿಂದ, ಜೊತೆಗೆ ಮದುವೆ ಮನೆಯ ಥರದ ಸಂಗೀತ. ನಾನು ಒಬ್ಬಳೇ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ, ಯಾರಿಗಾದರೂ ಹೇಳೋಣ ಅಂತ. ಅಷ್ಟರಲ್ಲಿ ‘ಡಿಸ್ಕ್ ತುಂಬಿದೆ’ ಅಂತ ಒಂದು ಸಾಲು ಬಂತು, ಪ್ರೋಗ್ರಾಂ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಮತ್ತೆ ಮುಚ್ಚಿತು. ಈ ಪೆಟ್ಟಿಗೆ ಸತ್ತರೆ ಮನೆಯ ಅಷ್ಟೂ ವರ್ಷ ಇದರ ಜೊತೆಗೇ ಹೋಗುತ್ತದಲ್ಲ ಅಂತ ಮೊದಲ ಸಲ ಹೆದರಿಕೆಯಾಯಿತು.

ಎರಡು ಬೀದಿ ಆಚೆ, ಚಪ್ಪಲಿ ಅಂಗಡಿಯ ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ನನ್ನದೇ ವಯಸ್ಸು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಪೆಟ್ಟಿಗೆಗೆ ಕಿವಿ ಇಟ್ಟು ಕೇಳುತ್ತಾಳೆ. ಅದಕ್ಕೆ ಬೀದಿಯವರೆಲ್ಲ ಡಾಕ್ಟರಮ್ಮ ಅನ್ನುತ್ತಾರೆ. ಭಾನುವಾರವೂ ಮಧ್ಯಾಹ್ನದವರೆಗೆ ಬಾಗಿಲು ತೆರೆದಿರುತ್ತದೆ. ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೈಗೂಸಿನ ಹಾಗೆ ಎತ್ತಿಕೊಂಡು ಹೋದೆ. ಆಕೆ ಮೊದಲು ಹೇಳಿದ ಮಾತು: ‘ಏನೇ ಒತ್ತೋ ಮುಂಚೆ ಒಂದು ಕಾಪಿ. ಒತ್ತಿದ್ಮೇಲೆ ಅಳೋದಲ್ಲ.’ ಹೊಸ ಡಿಸ್ಕ್ ತರಿಸಿ, ಇದ್ದದ್ದನ್ನೆಲ್ಲ ಅದಕ್ಕೆ ಇಳಿಸಿಕೊಂಡು, ಆಮೇಲೆ ಕೈ ಹಾಕಿದಳು. ‘ನಿಮ್ಮ ಫೋಟೋ ಕೆಟ್ಟಿಲ್ಲ, ಫೋಟೋಗಳ ಪಟ್ಟಿ ಕೆಟ್ಟಿದೆ. ಲೈಬ್ರರೀಲಿ ಪುಸ್ತಕ ಎಲ್ಲಾ ಇದೆ, ಯಾವ ಕಪಾಟಲ್ಲಿ ಯಾವ್ದು ಅಂತ ಬರ್ದಿಟ್ಟ ರಿಜಿಸ್ಟರ್ ಹರಿದಿದೆ, ಅಷ್ಟೆ. ಹೊಸ ರಿಜಿಸ್ಟರ್ ಬರೆಸೋಣ’ ಅಂದಳು. ಬೆಳಿಗ್ಗೆ ಹತ್ತಕ್ಕೆ ಶುರುವಾದ ಪಟ್ಟಿ ಸಂಜೆ ನಾಲ್ಕಕ್ಕೆ ಮುಗಿಯಿತು. ನನಗೋಸ್ಕರ ಆಕೆ ಅಂದು ಊಟಕ್ಕೂ ಮನೆಗೆ ಹೋಗಲಿಲ್ಲ. ಇಬ್ಬರೂ ಎದುರುಬದುರು ಸ್ಟೂಲಿನಲ್ಲಿ ಕೂತು ಬ್ರೆಡ್ ತಿಂದೆವು. ಯಾರ ಜೊತೆಗಾದರೂ ಕೂತು ತಿಂದು ನನಗೆ ಎಷ್ಟೋ ದಿನವಾಗಿತ್ತು.

ಆಮೇಲಿನದು ಮನೆಯಲ್ಲಿ ನಾನೇ ಮಾಡಿದ ಕೆಲಸ. ಸುಮಾರು ಎರಡು ಸಾವಿರ ಫೋಟೋಗಳ ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇತ್ತು. ಚಿಕ್ಕದಾಗಿ ಮಸುಕಾಗಿ ಕಾಣುತ್ತವೆ, ತೆರೆಯಲು ಹೋದರೆ ‘ಮೂಲ ಸಿಗುತ್ತಿಲ್ಲ’ ಅನ್ನುತ್ತದೆ. ‘ನಿಮ್ಮೆಜಮಾನ್ರು ಜಾಗ ಸಾಲ್ದೇ ಬೇರೆ ಡಿಸ್ಕಿಗೆ ಹಾಕಿರ್ತಾರೆ, ಮನೇಲಿ ಹುಡುಕಿ’ ಅಂದಳು ಡಾಕ್ಟರಮ್ಮ. ಎಲ್ಲಿತ್ತು ಅಂತೀಯಾ? ಅವರ ಕೆಲಸದ ಪೆಟ್ಟಿಗೆಯಲ್ಲಿ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ. ಬೆಲೆಬಾಳುವುದನ್ನೆಲ್ಲ ಸ್ಪ್ಯಾನರುಗಳ ಕೆಳಗೇ ಇಡುತ್ತಿದ್ದದ್ದು. ಗ್ರೀಸ್ ಒರೆಸಿ, ತಂತಿ ಸಿಕ್ಕಿಸಿ, ‘ಇಗೋ ಇಲ್ಲಿದೆ’ ಅಂತ ಆ ಫೋಲ್ಡರ್ ತೋರಿಸಿದೆ. ಚಿಹ್ನೆಗಳು ಒಂದೊಂದಾಗಿ ಮಾಯವಾದವು. ಇನ್ನೊಂದು ತೊಂದರೆ ತಾರೀಖಿನದು. ಕ್ಯಾಮೆರಾದ ಬ್ಯಾಟರಿ ಬದಲಾಯಿಸಿದಾಗಲೆಲ್ಲ ಅದರ ಗಡಿಯಾರ ಹಿಂದಕ್ಕೆ ಹೋಗಿ ಕೂರುತ್ತಿತ್ತಂತೆ. ಹಾಗಾಗಿ ಪಟ್ಟಿಯ ಪ್ರಕಾರ ನೀನು ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲೇ ಶಾಲೆಯ ಓಟದಲ್ಲಿ ಮೂರನೆಯವನಾಗಿ ಬಂದಿದ್ದೆ! ಒಂದು ಫೋಟೋದ ಸರಿಯಾದ ದಿನ ಗೊತ್ತಿದ್ದರೆ ಸಾಕು, ಅದರ ಜೊತೆಗಿನ ಅಷ್ಟನ್ನೂ ಅಷ್ಟೇ ದಿನ ಮುಂದಕ್ಕೆ ಸರಿಸಬಹುದು. ಆ ಓಟದ ದಿನ ನನಗೆ ನೆನಪಿತ್ತು. ನಿನ್ನ ನಿಕ್ಕರಿನ ಎಲಾಸ್ಟಿಕ್ ಹಿಂದಿನ ದಿನ ಬದಲಾಯಿಸಿದವಳು ನಾನು.

ಒಂದೇ ಫೋಟೋ ನಾಲ್ಕು ನಾಲ್ಕು ಸಲ ಬಂದದ್ದೂ ಇತ್ತು. ಅದನ್ನು ತಾನೇ ಆರಿಸಿ ತೆಗೆದುಹಾಕುತ್ತೇನೆ ಅಂತ ಪ್ರೋಗ್ರಾಂ ಹೇಳಿತು. ಬೇಡ ಅಂದೆ. ಒಂದರಲ್ಲಿ ನೀನು ಕಣ್ಣು ಮುಚ್ಚಿರುತ್ತೀಯ, ಇನ್ನೊಂದರಲ್ಲಿ ಬಿಟ್ಟಿರುತ್ತೀಯ. ಕಂಪ್ಯೂಟರಿಗೆ ಎರಡೂ ಒಂದೇ. ನಾಲ್ಕು ಭಾನುವಾರ ಕೂತು ಕಣ್ಣಾರೆ ನೋಡಿ ವಿಂಗಡಿಸಿದೆ. ಆಮೇಲೆ ಮುಖಗಳು. ಅದು ಒಂದೊಂದು ಮುಖ ಕತ್ತರಿಸಿ ತೋರಿಸಿ ‘ಇವರು ಯಾರು?’ ಅನ್ನುತ್ತದೆ. ನಿನ್ನ ಹತ್ತನೇ ವಯಸ್ಸಿನ ಮುಖವನ್ನೂ ಇಪ್ಪತ್ತನೇ ವಯಸ್ಸಿನ ಮುಖವನ್ನೂ ಪಕ್ಕಪಕ್ಕ ಇಟ್ಟು ‘ಇಬ್ಬರೂ ಒಬ್ಬರೇನಾ?’ ಅಂತ ಕೇಳಿತು. ಅದಕ್ಕೇನು ತಪ್ಪು ಹೇಳಲಿ, ಒಂದರಲ್ಲಿ ಹಲ್ಲೆಲ್ಲ ತೋರಿಸಿ ನಗುತ್ತಿದ್ದೀಯ, ಇನ್ನೊಂದರಲ್ಲಿ ಬಾಗಿಲ ಕಡೆ ನೋಡುತ್ತಿದ್ದೀಯ. ‘ಹೌದು’ ಅಂತ ಒತ್ತಿದೆ. ನನ್ನ ಮುಖಕ್ಕೂ ಅದೇ ಪ್ರಶ್ನೆ ಕೇಳಿತು. ಇಷ್ಟು ವರ್ಷಗಳಲ್ಲಿ ನಾನಿರುವುದು ನಲವತ್ತೊಂದು ಫೋಟೋದಲ್ಲಿ, ಹೆಚ್ಚಿನದರಲ್ಲಿ ಬದಿಗೆ. ಹೆಸರು ಬರೆಯಲು ಒಂದು ಖಾಲಿ ಜಾಗ ಕೊಟ್ಟು ಕಾಯುತ್ತಿತ್ತು. ‘ಚಿಕ್ಕಮ್ಮ’ ಅಂತ ಬರೆದೆ. ಈ ಮನೆಯಲ್ಲಿ ನನಗಿದ್ದ ಹೆಸರು ಅದೊಂದೇ, ಅದನ್ನು ಕೊಟ್ಟವನು ನೀನು.

ಜನವರಿಯ ಕೊನೆಗೆ ಎಲ್ಲ ಮುಗಿಯಿತು ಅಂದುಕೊಂಡು, ಕೊನೆಯ ಸಲ ನೋಡಿಕೊಡಿ ಅಂತ ಪೆಟ್ಟಿಗೆಯನ್ನು ಡಾಕ್ಟರಮ್ಮನ ಹತ್ತಿರ ಒಯ್ದೆ. ಆಕೆ ಎರಡು ಸಂಖ್ಯೆ ಕಾಗದದ ಮೇಲೆ ಬರೆದಳು. ಪ್ರೋಗ್ರಾಂ ತೋರಿಸುವ ಫೋಟೋ ಹದಿನೆಂಟು ಸಾವಿರದ ಮುನ್ನೂರ ನಲವತ್ತು. ಡಿಸ್ಕಿನಲ್ಲಿ ನಿಜವಾಗಿ ಇರುವುದು ಹದಿನೆಂಟು ಸಾವಿರದ ಒಂಬೈನೂರ ಐವತ್ತೆರಡು. ‘ಆರುನೂರ ಹನ್ನೆರಡು ಲೆಕ್ಕಕ್ಕೆ ಸಿಕ್ತಿಲ್ಲ, ಎಲ್ಲೋ ಅಡಗಿದೆ’ ಅಂದವಳೇ ಮೇಲಿನ ಸಾಲಿನಲ್ಲಿ ಏನನ್ನೋ ಒತ್ತಿದಳು. ಪರದೆಯ ತುಂಬ ನಿನ್ನ ಅಮ್ಮ ಬಂದಳು.

ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡು ಯಾರಿಗೋ ಬೈಯುತ್ತ ನಗುತ್ತಿರುವ ನಿನ್ನ ಅಮ್ಮ. ಅವಳ ತೊಡೆಯ ಮೇಲೆ ನೀನು. ಅವಳ ಕೂದಲು ಹಿಡಿದೆಳೆಯುವ ನೀನು. ಡಾಕ್ಟರಮ್ಮ ಕನ್ನಡಕ ಇಳಿಸಿ ನೋಡಿ, ‘ಇವು ಅಳಿಸಿದ್ದಲ್ಲ. ಅಳಿಸಿದ್ರೆ ಎಂದೋ ಮಣ್ಣಾಗ್ತಿತ್ತು. ಇದು ಮುಚ್ಚಿಟ್ಟಿದ್ದು. ಕಂಪ್ಯೂಟರ್ ಬದಲಾಯಿಸ್ದಾಗ್ಲೂ ಮುಚ್ಚಿದ್ದು ಮುಚ್ಚಿದ ಹಾಗೇ ಬಂದಿದೆ. ಇದು ತಾನಾಗೇ ಆಗಲ್ಲ, ಯಾರೋ ಕೈಯಾರೆ ಮಾಡ್ಬೇಕು’ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನನ್ನ ಎರಡೂ ಕೈ ಸೆರಗಿನೊಳಗೆ ಹೋದವು.

ಆ ಕೈ ನನ್ನದು.

ನಾನು ಈ ಮನೆಗೆ ಬಂದಾಗ ನಿನಗೆ ಒಂಬತ್ತು. ನಿನ್ನ ಅಮ್ಮ ಹೋಗಿ ಎರಡು ವರ್ಷ. ಅದಕ್ಕೂ ಮೊದಲೊಮ್ಮೆ ನಲ್ಲಿ ಒಡೆದು ಕೆಳಗಿನ ಕಪಾಟಿಗೆ ನೀರು ನುಗ್ಗಿ ಅವಳ ಕಾಗದದ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ಹಾಳಾಗಿದ್ದವಂತೆ. ಉಳಿದದ್ದು ನಿನ್ನ ಅಪ್ಪ ಮೊದಲೇ ಕಂಪ್ಯೂಟರಿಗೆ ಹಾಕಿಸಿಟ್ಟಿದ್ದು ಮಾತ್ರ. ಭಾನುವಾರ ಸಂಜೆ ನೀವಿಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಅವುಗಳನ್ನು ನೋಡುತ್ತಿದ್ದಿರಿ. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಿಮ್ಮ ನಗು ಕೇಳುತ್ತಿತ್ತು. ನಾನು ಬಾಗಿಲಿಗೆ ಬಂದರೆ ನಿಲ್ಲುತ್ತಿತ್ತು. ನನಗೆ ನೋವಾಗದಿರಲಿ ಅಂತ ನಿಲ್ಲಿಸುತ್ತಿದ್ದಿರಿ ಅನ್ನುವುದು ಇವತ್ತು ಗೊತ್ತಾಗುತ್ತದೆ. ಆವತ್ತು ಗೊತ್ತಾಗಲಿಲ್ಲ. ವರ್ಷ ಕಳೆದ ಮೇಲೆ ಒಂದು ಬುಧವಾರ ಮಧ್ಯಾಹ್ನ, ಜ್ವರ ಅಂತ ನಾನು ಅಂಗಡಿಗೆ ಹೋಗಿರಲಿಲ್ಲ. ಅಪ್ಪ ಕೆಲಸಕ್ಕೆ, ನೀನು ಶಾಲೆಗೆ. ಅವರು ಕಂಪ್ಯೂಟರ್ ಮುಚ್ಚುವುದನ್ನು ಮರೆತಿದ್ದರು. ಪರದೆಯ ಮೇಲೆ ಅದೇ ಸೌಟಿನ ಫೋಟೋ. ನಾನು ದಿನಾ ನಿಲ್ಲುವ ಜಾಗ, ನಾನು ದಿನಾ ಹಿಡಿಯುವ ಸೌಟು. ಅಲ್ಲಿ ನಿಂತು ಅವಳು ನಗುತ್ತಿದ್ದಳು. ಆ ಜಾಗದಲ್ಲಿ ನಾನು ಒಂದು ಸಲವೂ ಹಾಗೆ ನಕ್ಕಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಅದೇ ಮರಿ, ಬೇರೆ ಚೆಂದದ ಹೆಸರು ಕೊಡುವುದಿಲ್ಲ. ಅವಳ ಆಲ್ಬಂ ಪೂರ್ತಿ ಆರಿಸಿ, ಮೇಲಿನ ಪಟ್ಟಿಯಲ್ಲಿ ಕಂಡದ್ದನ್ನು ಒತ್ತಿದೆ. ‘ಖಂಡಿತವೇ?’ ಅಂತ ಕೇಳಿತು. ಹೌದು ಅಂದೆ. ಪರದೆ ಬೆಳ್ಳಗಾಯಿತು. ಅಳಿಸಿಬಿಟ್ಟೆ ಅಂದುಕೊಂಡೆ. ಆಮೇಲೆ ಏನು ಮಾಡಿದೆ ಗೊತ್ತಾ? ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿಟ್ಟೆ.

ಆ ಭಾನುವಾರ ನೀನು ಆಲ್ಬಂ ತೆರೆದು ‘ಅಪ್ಪಾ, ಅಮ್ಮ ಇಲ್ಲ’ ಅಂದೆ. ಅಷ್ಟೇ ಅಂದದ್ದು. ಅವರು ಕಸದ ಬುಟ್ಟಿಯಿಂದ ಹಿಡಿದು ಎಲ್ಲಾ ಕಡೆ ಹುಡುಕಿದರು. ಮೂರು ದಿನ ಹುಡುಕಿದರು. ಹಿಂದಿನ ವಾರ ಕಂಪ್ಯೂಟರಿನಲ್ಲಿ ಜಾಗ ಮಾಡಲು ಏನೇನೋ ತೆಗೆದಿದ್ದರಂತೆ. ಕೊನೆಗೆ ನಿನ್ನನ್ನು ಮುಂದೆ ಕೂರಿಸಿಕೊಂಡು, ‘ನಾನೇ ಏನೋ ಎಡವಟ್ಟು ಮಾಡಿದೀನಿ ಮರಿ. ನನ್ನದೇ ತಪ್ಪು’ ಅಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಆಗ ಬಾಯಿ ಬಿಟ್ಟಿದ್ದರೆ ಐದು ನಿಮಿಷದ ಕೆಲಸ. ಎಲ್ಲಿ ಒತ್ತಿದೆ ಅಂತ ತೋರಿಸಿದ್ದರೆ ಅವರೇ ಹೊರಗೆ ತಂದುಬಿಡುತ್ತಿದ್ದರು. ಬಾಯಿ ಬಿಡದ್ದರಿಂದ ಹತ್ತೊಂಬತ್ತು ವರ್ಷ ಹಿಡಿಯಿತು. ಮೊದಲ ವಾರ ಹೆದರಿಕೆಯಿಂದ ಸುಮ್ಮನಿದ್ದೆ. ಆಮೇಲೆ ಇಷ್ಟು ದಿನ ಸುಮ್ಮನಿದ್ದೆನಲ್ಲ ಅನ್ನುವ ಹೆದರಿಕೆಯಿಂದ ಸುಮ್ಮನಿದ್ದೆ. ನಿನಗೆ ಹದಿನೇಳಾದಾಗ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತು ನೀನು ಅವರಿಗೆ ಅಂದ ಮಾತು ನಿನಗೂ ಮರೆತಿರಲಾರದು: ‘ಹೊಸ ಹೆಂಡ್ತಿ ಬಂದ್ಳು, ಹಳೇದನ್ನ ಕ್ಲೀನ್ ಮಾಡಿದ್ರಿ, ಅಲ್ವಾ?’ ಅವರು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟರು. ನಾನು ಒಳಗೆ ಇಸ್ತ್ರಿ ಹಾಕುತ್ತಿದ್ದೆ. ಯಾರದೋ ಶರ್ಟಿನ ಕಾಲರ್ ಕಂದಿಹೋಯಿತು. ಮರುವರ್ಷ ನೀನು ಹಾಸ್ಟೆಲಿಗೆ ಹೋದೆ. ಮೊದಲು ತಿಂಗಳಿಗೊಮ್ಮೆ ಬಂದೆ, ಆಮೇಲೆ ವರ್ಷಕ್ಕೊಮ್ಮೆ, ಆಮೇಲೆ ಅವರು ತೀರಿಕೊಂಡಾಗ ಬಂದು ಮಾರನೆಯ ದಿನವೇ ಬಸ್ಸು ಹತ್ತಿದೆ. ನಿನ್ನನ್ನು ದೂರುತ್ತಿಲ್ಲ. ದಾರಿ ಮಾಡಿಕೊಟ್ಟವಳು ನಾನು.

ಇಷ್ಟೇ ಆಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತೇನೋ. ಮನೆಗೆ ತಂದು ಆ ಆರುನೂರ ಹನ್ನೆರಡನ್ನೂ ಒಂದೊಂದಾಗಿ ನೋಡುತ್ತ ಹೋದೆ. ಫೋಟೋಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ‘ಮರಿ ಮೊದಲ ಸಲ ನಿಂತದ್ದು. ಕುರ್ಚಿ ಹಿಡಿದಿದ್ದಾನೆ, ಕುರ್ಚಿ ಹೆದರಿದೆ.’ ಇನ್ನೊಂದಕ್ಕೆ, ‘ಇವಳು ಹಾಕಿರುವುದು ನನ್ನ ಕೋಟು. ವಾಪಸ್ ಕೊಡಲೇ ಇಲ್ಲ.’ ಇನ್ನೊಂದಕ್ಕೆ, ‘ಈ ದಿನ ಜೋರು ಜಗಳ. ಯಾಕೆ ಅಂತ ಇಬ್ಬರಿಗೂ ಸಂಜೆಗೇ ಮರೆತಿತ್ತು.’ ನಿನ್ನ ಅಪ್ಪನಲ್ಲದೆ ಇನ್ಯಾರು ಹಾಗೆ ಬರೆಯುತ್ತಾರೆ? ಹಳೆಯದಿರಬೇಕು ಅಂದುಕೊಂಡೆ. ಬರೆದ ದಿನ ನೋಡುವುದು ಹೇಗೆ ಅಂತ ಡಾಕ್ಟರಮ್ಮನಿಂದ ಕಲಿತಿದ್ದೆನಲ್ಲ, ನೋಡಿದೆ. ಮೊದಲನೆಯದು ಎರಡು ವರ್ಷದ ಹಿಂದೆ ಸೆಪ್ಟೆಂಬರ್ ಹದಿನಾಲ್ಕು. ಕೊನೆಯದು ನವೆಂಬರ್ ಎರಡು. ನವೆಂಬರ್ ಐದಕ್ಕೆ ಅವರು ಹೋದರು. ಅಂದರೆ ಕೊನೆಯ ಏಳು ವಾರ ಅವರಿಗೆ ಗೊತ್ತಿತ್ತು ಮರಿ. ಹೇಗೋ ಅವರ ಕೈಗೆ ಸಿಕ್ಕಿತ್ತು. ತಾನಾಗಿ ಮುಚ್ಚಿಕೊಂಡಿಲ್ಲ ಅನ್ನುವುದೂ ಗೊತ್ತಾಗಿತ್ತು. ಮನೆಯಲ್ಲಿ ಮೂರೇ ಜನ, ಅವರಲ್ಲ, ನೀನಲ್ಲ.

ಆ ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಪ್ಯಾಂಟೊಂದರ ಅಂಚಿಗೆ ಗುಂಡುಸೂಜಿ ಚುಚ್ಚುತ್ತ ಕೂತಿದ್ದೆ. ಅವರು ಬಂದು ಎದುರಿಗೆ ಕೂತರು. ‘ನಿಂಗೆ ನನ್ನ ಹತ್ರ ಏನಾದ್ರೂ ಹೇಳ್ಬೇಕು ಅಂತ ಇದ್ಯಾ?’ ಅಂದರು. ಕೋಪದ ಧ್ವನಿಯಲ್ಲ. ಕಾಫಿ ಬೇಕಾ ಅಂತ ಕೇಳುವ ಧ್ವನಿ. ಬಾಯಲ್ಲಿ ಸೂಜಿ ಇದ್ದದ್ದೇ ನೆಪವಾಗಿ ನಾನು ತಲೆ ಅಲ್ಲಾಡಿಸಿದೆ. ಸೂಜಿ ತೆಗೆದು, ‘ಹೇಳೋಕೆ ಏನಿದೆ’ ಅಂದೆ. ‘ಸರಿ’ ಅಂತ ಎದ್ದು ಹೋದರು. ಮತ್ತೆ ಕೇಳಲಿಲ್ಲ. ಆವತ್ತು ಸಂಜೆ ನನಗೆ ಕಾಫಿ ಅವರೇ ಮಾಡಿ ತಂದುಕೊಟ್ಟರು. ನಿನಗೆ ಯಾಕೆ ತಕ್ಷಣ ಫೋನ್ ಮಾಡಲಿಲ್ಲ ಅಂತ ಎಷ್ಟೋ ದಿನ ಯೋಚಿಸಿದೆ. ಮಾಡಿದ್ದರೆ ನನ್ನ ಹೆಸರು ಹೇಳಬೇಕಿತ್ತು. ನಾನೇ ಬಾಯಿ ಬಿಡಲಿ ಅಂತ ಕಾದರು ಅನ್ನಿಸುತ್ತದೆ. ಇನ್ನೂ ತುಂಬ ದಿನ ಇದೆ ಅಂದುಕೊಂಡಿದ್ದರು, ಪಾಪ. ನಾನೂ ಅಷ್ಟೇ.

ಅವರು ಬರೆದದ್ದು ಇನ್ನೂರ ಹದಿಮೂರು ಫೋಟೋಗಳಿಗೆ ಮಾತ್ರ. ಕೊನೆಯದರಲ್ಲಿ ನೀನು ನಿನ್ನ ಅಮ್ಮನ ಹೆಗಲ ಮೇಲಿದ್ದೀಯ. ಹಿಂದೆ ಕೆಂಪು ಗೋಡೆ, ಪಕ್ಕದಲ್ಲಿ ಕಬ್ಬಿಣದ ಮೆಟ್ಟಿಲು. ಕೆಳಗೆ ಅವರು ಬರೆದಿದ್ದಾರೆ: ‘ಇದು ಎಲ್ಲಿ? ನೆನಪಾಗುತ್ತಿಲ್ಲ. ಮರಿಯನ್ನೇ ಕೇಳಬೇಕು.’ ನಿನ್ನನ್ನು ಕೇಳುವ ಮನಸ್ಸಿತ್ತು ಅವರಿಗೆ. ಅದು ನಿನಗೆ ತಿಳಿಯಬೇಕು.

ಡಾಕ್ಟರಮ್ಮನಿಗೆ ನಾನು ಎಲ್ಲವನ್ನೂ ಹೇಳಿದೆ. ಹೊರಗಿನವರಿಗೆ ಹೇಳುವುದು ಎಷ್ಟು ಸುಲಭ ನೋಡು. ಆಕೆ ಒಂದು ಲೋಟ ನೀರು ಕೊಟ್ಟು, ‘ಹುಡುಗನಿಗೆ ಪ್ರೋಗ್ರಾಂ ತೊಂದ್ರೆ ಇತ್ತು, ಈಗ ಸರಿಯಾಯ್ತು ಅಂತ ಬರೀರಿ. ಯಾರೂ ಪ್ರಶ್ನೆ ಕೇಳಲ್ಲ. ನೀವ್ಯಾಕೆ ಕಳ್ಕೋತೀರಾ?’ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹಾಗೆ ಒಂದು ಕಾಗದ ಬರೆದೆ ಕೂಡ, ಎರಡು ಪುಟ, ಅಂಚೆಚೀಟಿಯನ್ನೂ ಅಂಟಿಸಿದೆ. ಓದಿ ನೋಡಿದರೆ ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೆ ಹಾಗಾದರೆ ನಿನ್ನ ಅಪ್ಪ ಹತ್ತೊಂಬತ್ತು ವರ್ಷ ನಿನ್ನ ಕಣ್ಣಲ್ಲಿ ಎಡವಟ್ಟಿನವರಾಗಿ, ಅದಕ್ಕಿಂತ ಕೆಟ್ಟವರಾಗಿ ಉಳಿದದ್ದು ಯಾತಕ್ಕೆ? ಕಂಪ್ಯೂಟರಿಗೆ ತಪ್ಪು ಹೊರಿಸಿದರೆ ಅವರ ತಲೆಯ ಮೇಲಿನದು ಇಳಿಯುತ್ತದೆ, ನಿಜ. ನಾನು ಮಾತ್ರ ಇನ್ನೊಂದು ಸಲ ಬಾಗಿಲಲ್ಲಿ ಸುಮ್ಮನೆ ನಿಂತ ಹಾಗಾಗುತ್ತದೆ. ಹರಿದು ಹಾಕಿದೆ. ಕ್ಷಮಿಸು ಅಂತ ಕೇಳುವ ಬಾಯಿ ನನಗಿಲ್ಲ. ಕೇಳುತ್ತಲೂ ಇಲ್ಲ. ಬೈಯಬೇಕು ಅನ್ನಿಸಿದರೆ ಬೈದು ಬರೆ. ನಿನ್ನ ಕೈಬರಹದಲ್ಲಿ ಬೈಗುಳ ಬಂದರೂ ಬಂತಲ್ಲ ಅಂದುಕೊಳ್ಳುತ್ತೇನೆ.

ಡಿಸ್ಕ್ ಬಗ್ಗೆ ಎರಡು ಮಾತು. ತಂತಿ ಸಿಕ್ಕಿಸಿದರೆ ‘ಅಮ್ಮ’ ಅನ್ನುವ ಫೋಲ್ಡರ್ ಮೊದಲಿಗೇ ಕಾಣುತ್ತದೆ. ಮುಚ್ಚಿಟ್ಟದ್ದು ಈಗ ಏನೂ ಇಲ್ಲ, ಎಲ್ಲ ಹೊರಗಿದೆ. ಅಪ್ಪ ಬರೆದ ಸಾಲುಗಳು ಕೆಲವು ಪ್ರೋಗ್ರಾಮುಗಳಲ್ಲಿ ಕಾಣಿಸುವುದಿಲ್ಲವಂತೆ. ಅದಕ್ಕೆ ಅವನ್ನೆಲ್ಲ ಫೋಟೋ ನಂಬರಿನ ಜೊತೆಗೆ ಬೇರೆ ಕಾಗದದಲ್ಲಿ ಕೈಯಲ್ಲೇ ಬರೆದಿಟ್ಟಿದ್ದೇನೆ, ಡಿಸ್ಕಿನ ಚೀಲದಲ್ಲಿದೆ. ಮೊದಲು ನಿನ್ನ ಕಂಪ್ಯೂಟರಿಗೆ ಒಂದು ಕಾಪಿ ಇಳಿಸಿಕೋ, ಆಮೇಲೆ ಮಿಕ್ಕಿದ್ದು. ತಂತಿಯನ್ನು ಒಮ್ಮೆಲೇ ಎಳೆಯಬೇಡ, ‘ಈಗ ತೆಗೆಯಬಹುದು’ ಅಂದ ಮೇಲೆ ತೆಗೆ. ಉಳಿದ ಮುನ್ನೂರ ತೊಂಬತ್ತೊಂಬತ್ತು ಫೋಟೋಗಳ ಕೆಳಗೆ ಜಾಗ ಖಾಲಿ ಇದೆ. ಅದರಲ್ಲಿರುವ ಜನ ಯಾರು, ಜಾಗ ಯಾವುದು ಅಂತ ನನಗೆ ಗೊತ್ತಿಲ್ಲ. ನಾನು ಏನನ್ನೂ ಬರೆದಿಲ್ಲ.

ನಿನ್ನ ಹೆಂಡತಿಗೆ ನಾನು ಕೇಳಿದೆ ಅಂತ ಹೇಳು. ನನ್ನ ವಿಷಯ ಅವಳಿಗೆ ಎಷ್ಟು ಹೇಳಿದ್ದೀಯೋ ಗೊತ್ತಿಲ್ಲ. ಈ ಕಾಗದವನ್ನು ತೋರಿಸಿದರೂ ನನಗೆ ಅಡ್ಡಿಯಿಲ್ಲ. ಮಗು ನೂರು ವರ್ಷ ಬಾಳಲಿ, ನೆಗಡಿಯಾಗದ ಹಾಗೆ ನೋಡಿಕೊಳ್ಳಿ, ಬೆನ್ನು ಬೆಚ್ಚಗಿಡಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು,
ನಿನ್ನ ಚಿಕ್ಕಮ್ಮ

ತಾ.ಕ.: ಪೊಟ್ಟಣ ಕಟ್ಟುತ್ತಿದ್ದವಳು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ, ಸೋಮವಾರ ಬೆಳಗಾಗಿ ಅಂಚೆ ಕಚೇರಿ ತೆರೆಯುವ ಹೊತ್ತಾಯಿತು. ತಳದಲ್ಲಿ ಬಟ್ಟೆಯ ತುಂಡಿಗೆ ಹೊಲಿದ ಒಂದು ಬೀಗದ ಕೈ ಇದೆ, ಬಿಸಾಡಬೇಡ. ಹೋದ ವರ್ಷ ಮುಂಬಾಗಿಲ ಬೀಗ ಬದಲಾಯಿಸಿದೆ, ನಿನ್ನ ಹತ್ತಿರ ಇರುವ ಹಳೆಯದು ಈಗ ಆಗುವುದಿಲ್ಲ. ಇದು ನಿನ್ನ ಅಪ್ಪ ಅಮ್ಮನ ಮನೆ, ಬರಲು ನನ್ನನ್ನು ಕೇಳಬೇಕಾಗಿಲ್ಲ. ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಸೋಮವಾರದಿಂದ ಶನಿವಾರದವರೆಗೆ ಯಾವತ್ತಾದರೂ ಬಾ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಾನು ಅಂಗಡಿಯಲ್ಲೇ ಇರುತ್ತೇನೆ, ಊಟವೂ ಅಲ್ಲೇ. ಮೇಲೆ ಹತ್ತಿ ಬರುವುದಿಲ್ಲ. ನೋಡಿದರೂ ಪರವಾಗಿಲ್ಲ ಅನ್ನಿಸಿದರೆ ಭಾನುವಾರ ಬಾ. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.